ಮುತ್ಯಾನ ಟ್ರಂಕು: ತುಕ್ಕು ಯಾವುದು, ಗುರುತು ಯಾವುದು

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದವಳು, ಶಾಲೆಯಲ್ಲಿ ಪಾಠ ಹೇಳುತ್ತೇನೆ. ನಮ್ಮ ಮುತ್ಯಾ ಹಳೆ ಊರಿನಲ್ಲಿ ಬಡಿಗತನ ಮಾಡುತ್ತಿದ್ದರು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಡುವಾಗ ಅವರ ಹತಾರಗಳನ್ನು ತಗಡಿನ ಟ್ರಂಕಿಗೆ ತುಂಬಿ ತಂದಿದ್ದೆವು. ಈ ಸಲ ಸುಣ್ಣ-ಬಣ್ಣಕ್ಕೆಂದು ಅಟ್ಟ ಖಾಲಿ ಮಾಡಿದಾಗ ತೆಗೆದು ನೋಡಿದರೆ ಎಲ್ಲಕ್ಕೂ ತುಕ್ಕು. ‘ಬೈಲಿ’, ‘ನಂಬರ್ 5’ ಎಂಬ ಇಂಗ್ಲಿಷ್ ಅಕ್ಷರವಿರುವ ಕಬ್ಬಿಣದ ರಂದಾ (ಕಟ್ಟಿಗೆ ಹೆರೆದು ನಯ ಮಾಡುವ ಹತಾರ), ಒಂದು ಕಟ್ಟಿಗೆಯ ರಂದಾ, ನಾಲ್ಕು ಉಳಿ, ಬಾಚಿ, ಗರಗಸ, ‘ಎಂ.ಎಸ್.ಎಂ.’ ಎಂದು ಒತ್ತಿದ ಸುತ್ತಿಗೆ, ಹಿತ್ತಾಳೆ ಕೀಲಿನ ಮಡಚುವ ಫೂಟುಪಟ್ಟಿ ಇವೆ. ಒಂದು ಉಳಿಯ ಮೇಲೆ ‘ಕಾಸ್ಟ್ ಸ್ಟೀಲ್’ ಎಂದಿದೆ. ಕಬ್ಬಿಣದ ಎಲ್ಲ ಹತಾರಕ್ಕೂ ಮೂರು ಚುಕ್ಕಿ ಹೊಡೆದಿದ್ದಾರೆ. ಹುಣಸೆನೀರಿನಲ್ಲಿ ಎರಡು ದಿನ ನೆನೆಹಾಕಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಗ್ರೈಂಡರ್ ಹಿಡಿಸಿ, ಕ್ರೋಮ್ ಮಾಡಿಸಿ ಹಾಲ್‌ನಲ್ಲಿ ತೂಗುಹಾಕೋಣ ಎನ್ನುತ್ತಾನೆ ತಮ್ಮ. ಗುಜರಿಯವನು ಕಿಲೋ ಲೆಕ್ಕ ಹೇಳಿದ. ಇಂಥ ರಂದಾಕ್ಕೆ ಲಕ್ಷ ಬರುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದು ನೋಡಿದೆ. ನಮ್ಮ ಆಯಿ ಮಾತ್ರ “ಖಂಡೇಪೂಜಿ ಮಾಡಿದ ಹತಾರ ಅವು, ಮುಟ್ಟಬ್ಯಾಡ್ರಿ” ಅಂತಾಳೆ. ಇವು ಎಷ್ಟು ಹಳೆಯವು? ಏನು ಮಾಡಲಿ?

ಉತ್ತರ: ಅಕ್ಕಾರ, ಮೊದಲು ಆ ಮೂರು ಚುಕ್ಕಿಯ ಮಾತು.

ನಾಲ್ಕೈದು ಜನ ಬಡಿಗರು ಒಂದೇ ಮನೆಯ ಕೆಲಸಕ್ಕೆ ಕೂಡಿದರೆ ಸಂಜೆ ಯಾರ ಉಳಿ ಯಾರದು ಅಂತ ತಿಳಿಯಬೇಕಲ್ಲ. ಅದಕ್ಕೇ ಒಬ್ಬೊಬ್ಬರು ಒಂದೊಂದು ಗುರುತು ಹೊಡೆದುಕೊಳ್ಳುತ್ತಿದ್ದರು: ಒಬ್ಬನದು ಚುಕ್ಕಿ, ಇನ್ನೊಬ್ಬನದು ಅಡ್ಡ ಗೀರು, ಅಕ್ಷರ ಬಲ್ಲವನದು ಹೆಸರಿನ ಮೊದಲಕ್ಷರ. ನಿಮ್ಮ ಟ್ರಂಕಿನಲ್ಲಿರುವುದು ಮುತ್ಯಾನ ಸಹಿ. ಇಪ್ಪತ್ತೆರಡರ ವಯಸ್ಸಿನಲ್ಲಿ ನಾನು ನಮ್ಮಪ್ಪನ ಉಳಿಯೊಂದನ್ನು ಗ್ರೈಂಡರಿಗೆ ಹಿಡಿದು, ಬಫ್ ಮಾಡಿ, ಕನ್ನಡಿಯಂತೆ ಹೊಳೆಸಿ ತಂದು ಅವರ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ “ಇದ್ಯಾರದೋ?” ಅಂದರು. ಚೇಷ್ಟೆಗೆ ಅಂದದ್ದಲ್ಲ, ಅವರಿಗೆ ನಿಜವಾಗಿಯೂ ಗುರುತು ಹತ್ತಲಿಲ್ಲ. ಅದಾದ ಮೇಲೆ ಬೆಳಗಾವಿಯ ಉದ್ಯಮಬಾಗದ ಟೂಲ್‌ರೂಮುಗಳಲ್ಲಿ ಮೂವತ್ತು ವರ್ಷ ಕೈ ಕಪ್ಪು ಮಾಡಿಕೊಂಡೆ, ಈಗ ಮನೆಯಲ್ಲಿ ಕೂತು ಹಳೆ ಹತಾರ ದುರಸ್ತಿ ಮಾಡುತ್ತೇನೆ. ಯಾರು ಏನು ತಂದರೂ ಮೊದಲು ಹುಡುಕುವುದು ಆ ಚುಕ್ಕಿಯನ್ನೇ. ತುಕ್ಕು ತೆಗೆಯುವ ಯಾವ ದಾರಿ ಹಿಡಿದರೂ, ಕೆಲಸ ಮುಗಿದ ಮೇಲೆ ಚುಕ್ಕಿ ಉಳಿದಿರುತ್ತದೆಯೇ ಅಂತ ಒಂದು ಸಲ ಕೇಳಿಕೊಳ್ಳಿ.

ಇನ್ನು ವಯಸ್ಸು. ರಂದಾದ ಮೇಲಿನ ‘ಬೈಲಿ’ ಅಂದರೆ ಅಮೆರಿಕದ ಲಿಯೊನಾರ್ಡ್ ಬೈಲಿ. ತಿರುಪು ತಿರುವಿದರೆ ಅಲಗು ಮೇಲೆ ಕೆಳಗೆ ಆಡುವ, ಇವತ್ತಿಗೂ ಎಲ್ಲರೂ ಮಾಡುವ ರಂದಾದ ರೂಪ ಅವನದು. 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಅವನ ಪೇಟೆಂಟುಗಳನ್ನು ಕೊಂಡಿತು, ಹೆಸರು ಹಾಗೇ ಉಳಿಯಿತು. ನಂಬರ್ 5 ಎಂದರೆ 14 ಇಂಚು ಉದ್ದ, 2 ಇಂಚು ಅಲಗು. ಅಲಗನ್ನು ಬಿಚ್ಚಿ, ಅದು ಒರಗುವ ಇಳಿಜಾರಿನ ತುಂಡಿನ ಹಿಂದೆ ಟಾರ್ಚ್ ಹಿಡಿದು ನೋಡಿ. ಕೆಲವದರಲ್ಲಿ 1902, 1910 ಎಂಬ ಇಸವಿಗಳು ಎರಕದಲ್ಲೇ ಇರುತ್ತವೆ. ಅದನ್ನು ನೋಡಿ ‘ನೂರು ವರ್ಷ ದಾಟಿದ ರಂದಾ’ ಎಂದು ಕುಣಿದವರನ್ನು ಕಂಡಿದ್ದೇನೆ. ಅದು ಪೇಟೆಂಟ್ ಸಿಕ್ಕ ದಿನ, ರಂದಾ ಹುಟ್ಟಿದ ದಿನವಲ್ಲ. 1910 ಎಂದಿದ್ದರೆ ಅದಕ್ಕಿಂತ ಹಳೆಯದಲ್ಲ ಎಂದಷ್ಟೇ ಹೇಳಬಹುದು. ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಇನ್ನೂ ಈಚಿನದು, ಏಕೆಂದರೆ ಸ್ಟ್ಯಾನ್ಲಿಯವರು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕಾರ್ಖಾನೆ ಹಿಡಿದದ್ದೇ 1930ರ ದಶಕದ ಎರಡನೇ ಭಾಗದಲ್ಲಿ. ನಮ್ಮ ಕಡೆ ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಿನವು ಆ ಇಂಗ್ಲಿಷ್ ರಂದಾಗಳೇ.

ಲಕ್ಷ ರೂಪಾಯಿಯ ಮಾತು ಬಿಡಿ. ನಂಬರ್ 5 ಎಲ್ಲ ಬಡಿಗರ ಕೈಯಲ್ಲೂ ಇದ್ದ ದುಡಿಮೆಯ ರಂದಾ, ಲೆಕ್ಕವಿಲ್ಲದಷ್ಟು ತಯಾರಾಗಿದೆ. ಅಪರೂಪದ ಕೆಲವು ನಂಬರುಗಳಿಗೆ ಸಂಗ್ರಾಹಕರು ದೊಡ್ಡ ಹಣ ಕೊಡುತ್ತಾರೆ ಎನ್ನುವುದು ನಿಜ, ಅದರ ಬಾಲ ಹಿಡಿದು ಎಲ್ಲ ‘ಬೈಲಿ’ಗೂ ಲಕ್ಷ ಕಟ್ಟುವವರು ನೋಡುಗರ ಸಂಖ್ಯೆಗಾಗಿ ಮಾತಾಡುವವರು. ಗುಜರಿಯವನದು ಇನ್ನೊಂದು ತುದಿ. ಅವನಿಗೆ ಎಲ್ಲವೂ ಬೀಡು (ಎರಕದ ಕಬ್ಬಿಣ), ಎಲ್ಲವೂ ತೂಕ. ಹಾಗೆ ಕೊಟ್ಟ ರಂದಾಕ್ಕೆ ಸಮನಾದದ್ದನ್ನು ಹೊಸದಾಗಿ ಕೊಳ್ಳಲು ಹೋದರೆ ಕಿಲೋ ಲೆಕ್ಕದ ಹತ್ತಾರು ಪಟ್ಟು ಬೇಕು.

ನನಗೆ ಖುಷಿ ಕೊಟ್ಟದ್ದು ನಿಮ್ಮ ಸುತ್ತಿಗೆ. ಎಂ.ಎಸ್.ಎಂ. ಎಂದರೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಆ ಹೆಸರಿನ ಕಂಪನಿ 1908ರಲ್ಲಿ ಆಯಿತು, 1951ರಲ್ಲಿ ದಕ್ಷಿಣ ರೈಲ್ವೆಯೊಳಗೆ ಸೇರಿಹೋಯಿತು. ಆದ್ದರಿಂದ ಸುತ್ತಿಗೆಗೆ ಮುದ್ರೆ ಬಿದ್ದದ್ದು ಈ ಎರಡು ಇಸವಿಗಳ ನಡುವೆ. ಇಡೀ ಟ್ರಂಕಿನಲ್ಲಿ ಇಷ್ಟು ಖಚಿತವಾಗಿ ವಯಸ್ಸು ಹೇಳುವ ಹತಾರ ಇನ್ನೊಂದಿಲ್ಲ. ಗದಗ–ಹೋಟಗಿ ರೈಲುದಾರಿ ಬಾಗಲಕೋಟೆಯ ಮೇಲೇ ಹಾಯುತ್ತದೆ, ಕಂಪನಿಯ ದೊಡ್ಡ ವರ್ಕ್‌ಶಾಪು ಹುಬ್ಬಳ್ಳಿಯಲ್ಲಿತ್ತು. ರೈಲ್ವೆಯ ಹಳೆ ಸಾಮಾನು ಲಿಲಾವಿನಲ್ಲಿ ಸಂತೆಗೆ ಬರುವುದು ಸಾಮಾನ್ಯ, ಆದ್ದರಿಂದ ‘ಮುತ್ಯಾ ಎಲ್ಲಿಂದ ತಂದರೋ’ ಎಂದು ತಲೆ ಕೆಡಿಸಿಕೊಳ್ಳಬೇಡಿ. ಬೆಳಗಾವಿ ದಂಡಿನ ಊರಾದ್ದರಿಂದ ಇಲ್ಲಿಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಹೀಗೇ ಬಾಣದ ಗುರುತಿನ ಹತಾರಗಳೂ ಸಿಗುತ್ತವೆ. ಅದು ಬ್ರಿಟಿಷ್ ಸರ್ಕಾರಿ ಸ್ವತ್ತಿನ ಮುದ್ರೆ. ನಿಮ್ಮ ಉಳಿದ ಹತಾರಗಳಲ್ಲೂ ತುಕ್ಕಿನ ಕೆಳಗೆ ಇದ್ದರೂ ಇರಬಹುದು, ಕಣ್ಣಿಡಿ.

ಫೂಟುಪಟ್ಟಿಯಲ್ಲಿ ಬರೀ ಇಂಚಿದ್ದರೆ ಮೆಟ್ರಿಕ್ ಪದ್ಧತಿ ಬರುವ ಮುಂಚಿನದು, ಅಂದರೆ 1950ರ ದಶಕದ್ದೋ ಅದಕ್ಕೂ ಹಿಂದಿನದೋ ಇರಬಹುದು. ಗಟ್ಟಿ ಸಾಕ್ಷಿ ಅಲ್ಲ, ನಮ್ಮ ಬಡಿಗರು ಇವತ್ತಿಗೂ ಇಂಚು-ಸೂತದಲ್ಲೇ ಮಾತಾಡುತ್ತಾರೆ. ಅದಕ್ಕೆ ನೀರು, ಹುಳಿ ಯಾವುದೂ ಸೋಕಬಾರದು. ಒಣ ಬಟ್ಟೆಯಲ್ಲಿ ಒರೆಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟರೆ ಮುಗಿಯಿತು.

‘ಕಾಸ್ಟ್ ಸ್ಟೀಲ್’ ಉಳಿಯ ವಿಷಯದಲ್ಲಿ ಮೋಸ ಹೋಗುವವರು ಬಹಳ. ‘ಕಾಸ್ಟ್’ ಎಂದರೆ ಎರಕ, ಎರಕ ಎಂದರೆ ಬೀಡು, ಬೀಡು ಎಂದರೆ ಬಿದ್ದರೆ ಒಡೆಯುವ ಅಗ್ಗದ ಮಾಲು ಎಂದು ಲೆಕ್ಕ ಹಾಕಿ ಬಿಸಾಕುತ್ತಾರೆ. ನಿಮ್ಮ ರಂದಾದ ಮೈ ಬೀಡು ಹೌದು. ಈ ಉಳಿ ಬೇರೆ. 1740ರ ದಶಕದಲ್ಲಿ ಶೆಫೀಲ್ಡ್‌ನ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕೆಲಸಗಾರ ಸ್ಪ್ರಿಂಗಿಗೆ ಒಳ್ಳೆಯ ಉಕ್ಕು ಸಿಗದೆ, ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಪೂರ್ತಿ ಕರಗಿಸಿ ಎರೆಯುವುದನ್ನು ಸಾಧಿಸಿದ. ಆ ಮೂಸೆಯ ಉಕ್ಕಿಗೆ ಅಲ್ಲಿಯವರು ಇಟ್ಟ ಹೆಸರು ಕಾಸ್ಟ್ ಸ್ಟೀಲ್. ಒಳ್ಳೆಯ ಹತಾರದ ಮೇಲೆ ಹೆಮ್ಮೆಯಿಂದ ಒತ್ತುತ್ತಿದ್ದ ಮುದ್ರೆ ಅದು. ಅಂಥ ಉಳಿಯ ಅಂಚು ಬೇಗ ಮೊಂಡಾಗುವುದಿಲ್ಲ, ಮಸೆದು ನೋಡಿದರೆ ನಿಮಗೇ ತಿಳಿಯುತ್ತದೆ. ಮೂಸೆಯಲ್ಲಿ ಉಕ್ಕು ಮಾಡುವುದು ನಮ್ಮ ಸೀಮೆಗೆ ಹಂಟ್ಸ್‌ಮನ್‌ಗಿಂತ ಬಹಳ ಮುಂಚೆಯೇ ಗೊತ್ತಿತ್ತು. ಇಂಗ್ಲಿಷರ ‘ವೂಟ್ಸ್’ ಎಂಬ ಮಾತು ನಮ್ಮ ‘ಉಕ್ಕು’ ಕೆಟ್ಟು ಆದದ್ದು ಎನ್ನುತ್ತಾರೆ, 1795ರಲ್ಲಿ ಜಾರ್ಜ್ ಪಿಯರ್‌ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಮೇಲೆ ಪ್ರಬಂಧವನ್ನೇ ಓದಿದ್ದ. ಅಂತ ಹೇಳಿ ನಿಮ್ಮ ಉಳಿದ ಮೂರು ಉಳಿಗಳನ್ನು ‘ಪ್ರಾಚೀನ ಉಕ್ಕಿನವು’ ಎಂದು ಯಾರಾದರೂ ಹೊಗಳಿದರೆ ನಂಬಬೇಡಿ. ನಿಮ್ಮ ಮುತ್ಯಾನ ಕಾಲಕ್ಕೆ ಆ ಕುಲುಮೆಗಳು ಆರಿ ಎಷ್ಟೋ ಕಾಲವಾಗಿತ್ತು.

ಆ ಮೂರು ಉಳಿ, ಬಾಚಿ ಏನು ಹಾಗಾದರೆ? ಮುದ್ರೆ ಇಲ್ಲದ ಹತಾರ ಎಂದರೆ ಬಹುತೇಕ ಊರ ಕಮ್ಮಾರನ ಕೈಯದು. ಅದರಲ್ಲೂ ಎರಡು ಬಗೆ. ಹಳೆಯವರು ಮೈಯನ್ನು ಮೆತ್ತನೆಯ ಕಬ್ಬಿಣದಲ್ಲಿ ಮಾಡಿ, ಬಾಯಿಗೆ ಮಾತ್ರ ಉಕ್ಕಿನ ತುಂಡನ್ನು ಕಾಯಿಸಿ ಬೆಸೆಯುತ್ತಿದ್ದರು. ಉಕ್ಕು ತುಟ್ಟಿ, ಕಬ್ಬಿಣ ಅಗ್ಗ, ಜೊತೆಗೆ ಮೆತ್ತನೆಯ ಮೈ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಲಾರಿಗಳು ಬಂದ ಮೇಲೆ ಹಳೆ ಸ್ಪ್ರಿಂಗ್ ಪಾಟಾ ಕತ್ತರಿಸಿ ಇಡೀ ಹತಾರವನ್ನೇ ಅದರಲ್ಲಿ ಬಡಿಯುವುದು ರೂಢಿಯಾಯಿತು. ಯಾವುದು ಯಾವುದೆಂದು ತಿಳಿಯಬೇಕಾದರೆ ಬಾಯಿಯ ಹತ್ತಿರ ಪಕ್ಕದಲ್ಲಿ ಎರಡು ಬೆರಳಗಲ ಜಾಗವನ್ನು ಸಣ್ಣ ಪಾಲಿಶ್ ಪೇಪರಿನಿಂದ ಉಜ್ಜಿ ಬೆಳ್ಳಗೆ ಮಾಡಿ, ಒಂದು ಹನಿ ಲಿಂಬೆರಸ ಹಚ್ಚಿ ಐದು ನಿಮಿಷ ಬಿಡಿ. ಉಕ್ಕು ಕಪ್ಪಾಗುತ್ತದೆ, ಕಬ್ಬಿಣ ಬೂದಾಗಿಯೇ ಉಳಿಯುತ್ತದೆ, ನಡುವೆ ಬೆಸುಗೆಯ ಗೆರೆ ಎದ್ದು ಕಾಣುತ್ತದೆ. ಗೆರೆ ಕಂಡರೆ ಆ ಉಕ್ಕು ಇನ್ನೆಷ್ಟು ಉಳಿದಿದೆ ಅಂತ ಅಳೆದಿಡಿ. ಅರ್ಧ ಬೆರಳಿನಷ್ಟೇ ಇದ್ದರೆ ಆ ಹತಾರದ ದುಡಿಮೆ ಮುಗಿದಂತೆ, ಗ್ರೈಂಡರಿಗೆ ಕೊಟ್ಟರೆ ಒಂದೇ ಮಧ್ಯಾಹ್ನದಲ್ಲಿ ಅದೂ ಹೋಗುತ್ತದೆ. ಪರೀಕ್ಷೆ ಆದ ಕೂಡಲೇ ಬಟ್ಟೆ ಸೋಡಾದ ನೀರಿನಲ್ಲಿ ತೊಳೆದು ಒರೆಸಿ ಎಣ್ಣೆ ಹಚ್ಚಿ.

ಉಳಿಯ ಬೆನ್ನು ಸ್ವಲ್ಪ ಉಬ್ಬಿದಂತಿದ್ದರೆ ದೋಷವೆಂದು ತಿಳಿಯಬೇಡಿ. ನಿಮ್ಮ ಕಡೆ ಬಾದಾಮಿಯ ಮರಳುಗಲ್ಲಿನ ಮೇಲೇ ಮಸೆಯುವವರು ಬಹಳ ಜನ ಇದ್ದರು, ಆ ಕಲ್ಲು ಸವೆದು ನಡು ತಗ್ಗಾದಂತೆ ಉಳಿಯೂ ಅದರ ಆಕಾರ ತಾಳುತ್ತದೆ. ಆ ಕಲ್ಲು ಟ್ರಂಕಿನಲ್ಲಿ ಬಂದಿಲ್ಲ ಎಂದು ಕಾಣುತ್ತದೆ. ಭಾರವಾಯಿತೆಂದು ಹಳೆ ಮನೆಯ ಅಂಗಳದಲ್ಲೇ ಬಿಟ್ಟಿದ್ದರೆ ಈಗ ನೀರಿನ ಕೆಳಗಿದೆ.

ಈಗ ತುಕ್ಕು. ಕೆಂಪಗೆ ಪುಡಿಯಾಗಿ ಉದುರುವುದು ಒಂದು, ಕಪ್ಪಗೆ ನುಣ್ಣಗೆ ಮೈಗೆ ಅಂಟಿದ್ದು ಇನ್ನೊಂದು. ಕೆಂಪು ತಿನ್ನುತ್ತ ಹೋಗುತ್ತದೆ, ಅದು ಹೋಗಬೇಕು. ಕಪ್ಪು ಪದರ ಕಬ್ಬಿಣಕ್ಕೆ ಒಂದು ಬಗೆಯ ಹೊದಿಕೆ, ಅದರ ತಂಟೆಗೆ ಹೋಗಬೇಡಿ. ಗ್ರೈಂಡರಿಗೆ ಈ ಎರಡರ ಭೇದ ತಿಳಿಯುವುದಿಲ್ಲ, ಚುಕ್ಕಿಯನ್ನೂ ತುಕ್ಕನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ. ಅದಕ್ಕಿಂತ ದೊಡ್ಡ ಕೇಡು ಬಿಸಿ. ಹತಾರದ ಹದ, ಅಂದರೆ ಬಾಯಿಯ ಗಡಸು, ಇರುವುದೇ ಮಾಡುವಾಗ ಅದನ್ನು ಮರಳಿ ಕಾಯಿಸಿ ಸುಮಾರು 220ರಿಂದ 300 ಡಿಗ್ರಿಯೊಳಗೆ ಎಲ್ಲಿ ನಿಲ್ಲಿಸಿದರು ಎಂಬುದರಲ್ಲಿ. ಬಿಸಿ ಏರಿದಂತೆ ಉಕ್ಕಿನ ಮೈ ಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಎಂದು ಬಣ್ಣ ತಿರುಗುತ್ತದೆ. ಉಳಿಯ ಬಾಯಿ ಗ್ರೈಂಡರಿನ ಕಲ್ಲಿಗೆ ತಾಗಿ ನೀಲಿಯಾಯಿತೋ, ಅಲ್ಲಿಗೆ ಮೆತ್ತಗಾಯಿತು. ಆಮೇಲೆ ನೀರಿನಲ್ಲಿ ಅದ್ದಿದರೂ ಹದ ಮರಳುವುದಿಲ್ಲ. ಕುಲುಮೆಯಲ್ಲಿ ಕಾಯಿಸಿ ತುಕ್ಕು ಉದುರಿಸುವವರೂ ಇದೇ ತಪ್ಪು ಮಾಡುತ್ತಾರೆ.

ಕ್ರೋಮ್ ಬೇಡವೆಂದು ತಮ್ಮನಿಗೆ ತಿಳಿಸಿ ಹೇಳಿ. ಹೊಳಪು ಬರಬೇಕಾದರೆ ಮೊದಲು ಬಫ್ ಹಿಡಿದು ಅಂಚು-ಮೂಲೆಗಳನ್ನು ಉರುಟು ಮಾಡುತ್ತಾರೆ, ಆಮೇಲೆ ಆ್ಯಸಿಡ್ಡಿನಲ್ಲಿ ಅದ್ದುತ್ತಾರೆ. ಹೊರಬಂದದ್ದು ಹೋಟೆಲಿನ ಗೋಡೆಗೆ ಚಂದ, ಆದರೆ ಯಾರದೂ ಆಗಿರಬಹುದು.

ಹುಣಸೆನೀರು ಪೂರ್ತಿ ಸುಳ್ಳಲ್ಲ. ಅದರ ಹುಳಿ ತುಕ್ಕನ್ನು ಕರಗಿಸುತ್ತದೆ. ತೊಂದರೆ ‘ಎರಡು ದಿನ’ ಎನ್ನುವುದರಲ್ಲಿದೆ: ತುಕ್ಕು ಮುಗಿದ ಮೇಲೆ ಹುಳಿ ಸುಮ್ಮನೆ ಕೂಡುವುದಿಲ್ಲ, ಉಕ್ಕನ್ನೇ ತಿನ್ನತೊಡಗುತ್ತದೆ, ಮೈ ಸಿಡುಬಿನ ಕಲೆಯಂತಾಗುತ್ತದೆ. ವಿಜಯಪುರದ ಕಡೆಯವರು ಇಂಡಿಯ ಲಿಂಬೆಗೆ ಉಪ್ಪು ಹಚ್ಚಿ ಉಜ್ಜುತ್ತಾರೆ. ಲಿಂಬೆ ಆದೀತು, ಉಪ್ಪು ಮಾತ್ರ ಕೂಡದು. ಉಪ್ಪಿನ ಅಂಶ ಸಣ್ಣ ಕುಳಿಗಳಲ್ಲಿ ಉಳಿದುಬಿಟ್ಟರೆ ಮೊದಲ ಮಳೆಗೇ ತುಕ್ಕು ಮರಳಿ ಬರುತ್ತದೆ, ಮೊದಲಿಗಿಂತ ಜೋರಾಗಿ. ಸಂಡಾಸಿಗೆ ಹಾಕುವ ಆ್ಯಸಿಡ್ಡಂತೂ ಕೋಣೆಯೊಳಗೇ ತರಬೇಡಿ, ಅದರ ಹೊಗೆಗೆ ಪಕ್ಕದಲ್ಲಿಟ್ಟ ಹತಾರವೂ ಕೆಂಪಾಗುತ್ತದೆ.

ನೀವು ಮಾಡಬಹುದಾದದ್ದು ಇದು. ಮೊದಲು ಎಲ್ಲವನ್ನೂ, ಚುಕ್ಕಿ-ಮುದ್ರೆಗಳ ಹತ್ತಿರದಿಂದಲೂ, ಫೋಟೋ ತೆಗೆದಿಡಿ. ಜಂಗು ಹಿಡಿದ ತಿರುಪುಗಳಿಗೆ ಚಿಮಣಿ ಎಣ್ಣೆ ಅಥವಾ ಡೀಸೆಲ್ ಬಿಟ್ಟು ಎರಡು ದಿನ ಕಾಯಿರಿ. ಅದು ತುಕ್ಕನ್ನು ಕರಗಿಸುವುದಿಲ್ಲ, ಸಂದಿಗೆ ಇಳಿದು ಬಿಗಿ ಬಿಡಿಸುತ್ತದೆ. ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ ಸ್ಟೀಲ್ ವೂಲ್‌ನಿಂದ ನಿಧಾನವಾಗಿ ಉಜ್ಜಿ. ಮುಕ್ಕಾಲು ಪಾಲು ಹತಾರಕ್ಕೆ ಇಷ್ಟೇ ಸಾಕು, ಬೇಸರ ಬರುವ ಕೆಲಸ ಅಷ್ಟೆ. ಅದಕ್ಕೂ ಬಗ್ಗದ ಉಳಿ-ಬಾಚಿಗೆ, ಒಂದು ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲದ ಪುಡಿ ಕಲಸಿ ಅದ್ದಿ, ಇಪ್ಪತ್ತು ನಿಮಿಷಕ್ಕೊಮ್ಮೆ ತೆಗೆದು ಬ್ರಷ್ಷಿನಿಂದ ತಿಕ್ಕಿ ನೋಡಿ. ಒಂದೆರಡು ತಾಸಿನೊಳಗೆ ಮುಗಿಯಬೇಕು. ಬಟ್ಟೆ ಸೋಡಾದ ನೀರಿನಲ್ಲಿ ಜಾಲಿಸಿ, ತಕ್ಷಣ ಒರೆಸಿ, ಬಿಸಿಲಿಗೆ ಕಾಯಿಸಿ, ಬೆಚ್ಚಗಿರುವಾಗಲೇ ಎಣ್ಣೆ ಹಚ್ಚಿ. ಹಿಡಿಕೆ ಬಿಚ್ಚಲು ಬಾರದಿದ್ದರೆ ಕಬ್ಬಿಣದ ಭಾಗ ಮಾತ್ರ ಅದ್ದಬೇಕು.

ಗರಗಸವನ್ನು ಹುಳಿಯಲ್ಲಿ ಹಾಕಲೇಬೇಡಿ. ತೆಳ್ಳನೆಯ ಗಟ್ಟಿ ತಗಡು ಹುಳಿಗೆ ಪೆಡಸಾಗಿ ಸೀಳುವ ಭಯವಿದೆ. ಅದಕ್ಕಿಂತ ಮುಖ್ಯ, ಒಳ್ಳೆಯ ಗರಗಸದ ತಗಡಿನ ಮೇಲೆ ಮಾಡಿದವರ ಹೆಸರು ತೀರಾ ತೆಳುವಾಗಿ ಕೊರೆದಿರುತ್ತದೆ, ತುಕ್ಕಿನ ಕೆಳಗೆ ಕಾಣುವುದಿಲ್ಲ. ಸಪಾಟಾದ ಕಟ್ಟಿಗೆ ತುಂಡಿಗೆ ಸಣ್ಣ ಪಾಲಿಶ್ ಪೇಪರ್ ಸುತ್ತಿ, ಎಣ್ಣೆ ಹಾಕಿ, ಬರೀ ಮೇಲ್ಮೈ ಸವರಿದಂತೆ ತಿಕ್ಕಿದರೆ ಅಕ್ಷರ ಮೆಲ್ಲಗೆ ಮೂಡುತ್ತದೆ. ಹಿಡಿಕೆಯ ಹಿತ್ತಾಳೆ ಬಿಲ್ಲೆಯ ಮೇಲೂ ಓದಿ ನೋಡಿ.

ಬ್ಯಾಟರಿ ಚಾರ್ಜರ್ ಹಚ್ಚಿ ಸೋಡಾ ನೀರಿನಲ್ಲಿ ತುಕ್ಕು ಬಿಡಿಸುವ ದಾರಿಯೂ ಇದೆ. ಶಾಲೆಯವರಾದ್ದರಿಂದ ನಿಮಗೆ ಆಸೆಯಾಗಬಹುದು. ಹತಾರ ಋಣ ತಂತಿಗೆ, ಬೇಡದ ಕಬ್ಬಿಣದ ತುಂಡು ಧನ ತಂತಿಗೆ. ತಿರುವುಮುರುವಾದರೆ ಮುತ್ಯಾನ ಹತಾರವೇ ಕರಗುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಲ್ಲೇ ಮಾಡಬೇಕು, ಧನ ತಂತಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಿದರೆ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಮೊದಲು ಒಂದು ತುಕ್ಕು ಹಿಡಿದ ಬೋಲ್ಟಿನ ಮೇಲೆ ಕಲಿಯಿರಿ.

ರಂದಾದ ಮೈಯನ್ನು ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಎಂದರೆ ಸರಿ, ಬೊದ್ದು ಸದ್ದು ಬಂದರೆ ಎಲ್ಲೋ ಸೀಳಿದೆ. ಬಾಯಿಯ ಎರಡೂ ಕಡೆ ಭೂತಗನ್ನಡಿ ಹಿಡಿದು ಹುಡುಕಿ. ಸೀಳಿದ ಬೀಡನ್ನು ಬೆಸೆಯುವವರು ಇದ್ದಾರೆ, ಆದರೆ ಬಿಸಿಗೆ ಅಡಿ ತಿರುಚಿಕೊಳ್ಳುತ್ತದೆ. ಅಂಥದ್ದು ಕಪಾಟಿನಲ್ಲಿ ಕೂಡಲಿ.

ಕಾವು (ಕಟ್ಟಿಗೆಯ ಹಿಡಿಕೆ) ಸಡಿಲಾದ ಬಾಚಿಯನ್ನು ಹಂಡೆಯ ನೀರಿನಲ್ಲಿ ನೆನೆಹಾಕುವುದು ನಮ್ಮೂರುಗಳ ಹಳೆ ಚಟ. ಕಟ್ಟಿಗೆ ಉಬ್ಬಿ ಬಿಗಿಯಾದಂತೆ ಕಾಣುತ್ತದೆ, ಉಬ್ಬುವಾಗ ತನ್ನ ನಾರನ್ನು ತಾನೇ ಹಿಸುಕಿಕೊಳ್ಳುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಬೀಸಿದಾಗ ಬಾಚಿ ಹಾರಿದರೆ ಎದುರು ನಿಂತವರ ಗತಿ ಏನು? ಒಣ ಕಟ್ಟಿಗೆಯ ಬೆಣೆ ಹೊಡೆಯಿರಿ, ಇಲ್ಲವೇ ಜಾಲಿಯ ಹೊಸ ಕಾವು ಹಾಕಿಸಿ ಹಳೆಯದನ್ನು ಎತ್ತಿಡಿ. ಅದರ ಮೇಲೆ ಹೆಬ್ಬೆರಳು ಸವೆಸಿದ ತಗ್ಗು ಇರುತ್ತದೆ. ಕಟ್ಟಿಗೆಗೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ ಒರೆಸಿ. ಶೇಂಗಾ ಎಣ್ಣೆ ಒಣಗುವುದಿಲ್ಲ, ಜಿಗಟಾಗಿ ಧೂಳು ಹಿಡಿಯುತ್ತದೆ. ಕುಸುಬಿ ಎಣ್ಣೆ ತಡವಾದರೂ ಒಣಗುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ, ಅದು ತಾನೇ ಕಾದು ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹೊರಗೆ ಹರವಿ ಒಣಗಿಸಿ. ಸುತ್ತಿಗೆಯ ಮುಖದ ಅಂಚು ಅರಳಿ ತುಟಿಯಂತೆ ಬಾಗಿದ್ದರೆ ಅಷ್ಟನ್ನು ಮಾತ್ರ ಕಾನಸಿನಿಂದ (ಅರದಿಂದ) ತೆಗೆಸಿ, ಆ ಚೂರುಗಳು ಸಿಡಿದು ಕಣ್ಣು ಹೋದವರಿದ್ದಾರೆ.

ಆಯಿಯ ಮಾತಿಗೆ ಬರುತ್ತೇನೆ. ಮುಟ್ಟಬೇಡಿ ಎನ್ನುವುದರಲ್ಲಿ ಅರ್ಧ ನನಗೆ ಒಪ್ಪಿಗೆ. ರಂದಾ, ‘ಕಾಸ್ಟ್ ಸ್ಟೀಲ್’ ಉಳಿ ಎರಡನ್ನೂ ಮಸೆದು ಬಳಸಿ, ಮನೆಯ ಬಾಗಿಲು ಹಿಡಿದರೆ ಕೆರೆಯಲಾದರೂ ಆದೀತು. ಸುತ್ತಿಗೆ, ಗರಗಸ, ಫೂಟುಪಟ್ಟಿಗೆ ಎಣ್ಣೆಯಷ್ಟೇ ಸಾಕು. ತಮ್ಮನಿಗೆ ಗೋಡೆಗೆ ಬೇಕೆಂದಿದ್ದರೆ ಕಟ್ಟಿಗೆಯ ರಂದಾ ಕೊಡಿ, ಜೇನುಮೇಣ ತಿಕ್ಕಿದರೆ ಅದರ ಚಂದವೇ ಬೇರೆ. ಪೂಜೆ ನಿಲ್ಲಿಸಬೇಕಿಲ್ಲ. ಹಬ್ಬ ಮುಗಿದ ಮರುದಿನ ಕುಂಕುಮ, ಲಿಂಬೆರಸ, ಕಾಯಿನೀರು ಒಣಗಿ ಕೂಡುವ ಮೊದಲು ಒರೆಸಿ ಎಣ್ಣೆ ಹಚ್ಚಿದರೆ ಆಯಿತು. ನಿಮ್ಮ ಹತಾರಗಳ ಮೇಲೆ ದುಂಡಗಿನ ತುಕ್ಕಿನ ಕಲೆಗಳಿದ್ದರೆ ಎಷ್ಟೋ ವರ್ಷದ ಕುಂಕುಮದ ಬೊಟ್ಟು ಕೂತ ಜಾಗ ಅವು. ಆಯಿಗೆ ತೋರಿಸಿ. ಮರಳಿ ಟ್ರಂಕಿಗಿಡುವಾಗ ಪ್ಲಾಸ್ಟಿಕ್ ಸುತ್ತಬೇಡಿ, ಹಳೆ ಪತ್ರಿಕೆಯೂ ಬೇಡ, ಎರಡೂ ಹಸಿ ಹಿಡಿದಿಡುತ್ತವೆ. ಎಣ್ಣೆ ಒರೆಸಿದ ಹಳೆ ಧೋತರದ ಅರಿವೆ ಸಾಕು.

ಬಾಚಿಯನ್ನು ಮಾತ್ರ ನೋಡದೆ ಏನೂ ಹೇಳಲಾರೆ. ಬಾಯಿ ಮುಕ್ಕಾಗಿದ್ದರೆ ಕಮ್ಮಾರನ ಹತ್ತಿರ ಹದ ಹಾಕಿಸಬಹುದು. ಬಾಯಿಯಷ್ಟೇ ಕಾಯಿಸಬೇಕು, ಕಿಡಿ ಹಾರುವಷ್ಟು ಕಾಯಿಸಿದರೆ ಉಕ್ಕು ಸುಟ್ಟಂತೆ, ನೀರಿಗೆ ಬಿಟ್ಟಾಗ ಸೀಳುವುದೂ ಉಂಟು. ಕೆಂಪಗೆ ಕಾದ ಉಕ್ಕಿಗೆ ಅಯಸ್ಕಾಂತ ಅಂಟುವುದು ನಿಂತೊಡನೆ ಅದ್ದುವ, ಆಮೇಲೆ ಕಂದು-ನೇರಳೆಗೆ ಇಳಿಸುವ ಕೈ ಬೇಕು. ಅಂಥ ಕೈಗಳು ನಿಮ್ಮ ಸುತ್ತ ಇನ್ನೂ ಒಂದೆರಡಾದರೂ ಇದ್ದಾವು. ಕೊಂಡೊಯ್ಯುವ ಮೊದಲು ಲಿಂಬೆರಸದ ಗೆರೆಯ ಫೋಟೋ, ಚುಕ್ಕಿಯಿಂದ ಬಾಯಿಯವರೆಗೆ ಎಷ್ಟು ಇಂಚು ಉಳಿದಿದೆ ಎಂಬ ಅಳತೆ, ಎರಡನ್ನೂ ಕಳಿಸಿ. ಆ ಮೇಲೆ ಹೇಳುತ್ತೇನೆ.